ಕುಟ್ಟಿಕ್ಕಾವಿನ ತಿದ್ದುಪಡಿ

ಜೂನ್ ತಿಂಗಳ ಮೂರನೆಯ ವಾರ, ಕಚೇರಿಯಲ್ಲಿ ಎಲ್ಲರೂ ಚಹಾ ಕುಡಿದು ಲೋಟ ಕೆಳಗಿಡುವ ಹೊತ್ತಿಗೆ ಹಾಲಪ್ಪನ ಮೊಬೈಲಿಗೆ ಒಂದು ಫೋಟೊ ಬಂತು. ಕಳಿಸಿದವನು ತ್ರಿಪ್ಪುಣಿತ್ತುರದ ದಾಮೋದರನ್. ಫೋಟೊದಲ್ಲಿ ಒಂದು ಮರ ಬುಡದಿಂದಲೇ ಮೂರು ಸೀಳಾಗಿ ಮೂರು ದಿಕ್ಕಿಗೆ ಬಿದ್ದಿತ್ತು. ಗಾಳಿ ಅಂಥ ದೊಡ್ಡದೇನೂ ಬೀಸಿರಲಿಲ್ಲ, ಮರ ತನ್ನ ಭಾರಕ್ಕೆ ತಾನೇ ಸೀಳಿಕೊಂಡಿತ್ತು. ಕೆಳಗೆ ಮಲಯಾಳದಲ್ಲಿ ಒಂದೇ ಸಾಲು: ಸಾರೇ, ಇದು ನಾಲ್ಕನೆಯದು.

ಹಾಲಪ್ಪ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಕಾಣದಿದ್ದರೆ ಇಲ್ಲವೆಂದಾಗುತ್ತದೆಯೇ? ಆದರೂ ಮನುಷ್ಯ ಬೋರಲು ಹಾಕುತ್ತಾನೆ.

ಅವನು ತಿರುವನಂತಪುರದ ಪಟ್ಟಂನಲ್ಲಿರುವ ಕೇಂದ್ರ ಸರ್ಕಾರದ ಒಂದು ಸಣ್ಣ ಕಚೇರಿಯಲ್ಲಿ ಸಮೀಕ್ಷೆಯ ಅಧಿಕಾರಿ. ಊರು ಹರಿಹರದ ಹತ್ತಿರ, ವಯಸ್ಸು ಐವತ್ತೊಂಬತ್ತು, ನಿವೃತ್ತಿಗೆ ಹನ್ನೊಂದು ತಿಂಗಳು. ಹಳೆಯ ಬನಗಳು ಎಲ್ಲೆಲ್ಲಿ ಉಳಿದಿವೆ, ಯಾವುದನ್ನು ಕಾಪಾಡಬೇಕು ಎಂದು ವರದಿ ಬರೆಯುವುದು ಆ ಕಚೇರಿಯ ಕೆಲಸ. ಇಂಥದೊಂದು ಕಚೇರಿ ಇದೆ ಎಂದು ಎದುರಿನ ಬಸ್ ಸ್ಟಾಪಿನಲ್ಲಿ ನಿಂತವರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದರಿಂದ ಅವರ ಬಸ್ಸೇನೂ ತಪ್ಪಿಲ್ಲ. ಆದರೆ ಅಲ್ಲಿಂದ ಹೊರಟ ಒಂದು ವರದಿ ಮೂರೂವರೆ ಎಕರೆ ಕಾಡನ್ನು ಉಳಿಸಿತ್ತು, ಈಗ ಅದೇ ವರದಿ ಆ ಕಾಡನ್ನು ಕೊಲ್ಲುತ್ತಿತ್ತು. ಬರೆದವನು ಹಾಲಪ್ಪ. ಕೊಲ್ಲುತ್ತಿರುವುದು ಅದರಲ್ಲಿನ ಒಂದು ಮಾತು.

ಒಂಬತ್ತು ವರ್ಷದ ಹಿಂದೆ ಅವನು ಕೇರಳಕ್ಕೆ ಬಂದಾಗ ವರ್ಗಾವಣೆಯನ್ನು ಕೇಳಿ ಪಡೆದುಕೊಂಡಿದ್ದ. ಎಲ್ಲರೂ ಬೇಡವೆನ್ನುವ ದೂರದ ಜಾಗವನ್ನು ಇವನು ಯಾಕೆ ಕೇಳಿದ ಎಂಬುದು ಮನೆಯವರಿಗೆ ಗೊತ್ತಿತ್ತು. ದಾವಣಗೆರೆಯಲ್ಲಿ ಅವನ ಒಬ್ಬಳೇ ಮಗಳು ಏಳನೆಯ ವಯಸ್ಸಿನಲ್ಲಿ ಜ್ವರದಿಂದ ತೀರಿಕೊಂಡಿದ್ದಳು. ಅವಳು ನಡೆದಾಡಿದ ಬೀದಿಗಳಲ್ಲಿ ತಾನು ನಡೆಯುವುದು ಅವನಿಂದ ಆಗಲಿಲ್ಲ. ಮಗಳ ಹೆಸರನ್ನೂ ಅವನು ಬಾಯಿಂದ ತೆಗೆದುಹಾಕಿದ್ದ. ಹೆಂಡತಿ ಸೀತಮ್ಮ ಆ ಹೆಸರೆತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದ, ಆಮೇಲೆ ಅವಳೂ ಎತ್ತುವುದನ್ನು ಬಿಟ್ಟಳು.

ಬಂದ ಎರಡನೆಯ ತಿಂಗಳಲ್ಲೇ ಅವನನ್ನು ಕೊಚ್ಚಿ ಕಡೆಗೆ ಕಳಿಸಿದರು. ತ್ರಿಪ್ಪುಣಿತ್ತುರದ ಆಚೆಗೆ ಒಂದು ಬೈಪಾಸ್ ರಸ್ತೆ ಬರುವುದಿತ್ತು, ರಸ್ತೆಯ ಗೆರೆ ಒಂದು ಹಳೆಯ ಕಾವಿನ ನಡುವೆಯೇ ಹಾದುಹೋಗಿತ್ತು. ಕಾವು ಎಂದರೆ ದೇವರ ಬನ. ಅದಕ್ಕೆ ಏನಾದರೂ ಮಹತ್ವ ಉಂಟೋ ಎಂದು ನೋಡಿಬರಬೇಕಿತ್ತು. ಹೋಗಬೇಕಾಗಿದ್ದ ಸಸ್ಯಶಾಸ್ತ್ರದವರು ರಜೆಯಲ್ಲಿದ್ದರು, ಪಟ್ಟಿ ಮಾಡುವ ಹಾಲಪ್ಪ ಹೋದ. ಅವನ ಮಲಯಾಳ ಆಗ ಹೋಟೆಲಿನಲ್ಲಿ ಊಟ ಕೇಳುವಷ್ಟಿತ್ತು, ಸಾರು ಮತ್ತೆ ಬೇಕೆಂದರೆ ಕೈ ತೋರಿಸಬೇಕಾಗುತ್ತಿತ್ತು.

ಕಾವಿನ ಬಾಗಿಲಲ್ಲಿ ದಾಮೋದರನ್ ಕಾಯುತ್ತಿದ್ದ. ತಲೆತಲಾಂತರದಿಂದ ಆ ಕಾವನ್ನು ನೋಡಿಕೊಂಡ ಮನೆತನದವನು, ಅಂದಿಗೆ ಅರವತ್ತರ ಆಸುಪಾಸು. ಒಳಗೆ ಮತ್ತಿ ಜಾತಿಯ ಮರಗಳು. ಒಂದೊಂದು ಬುಡವೂ ಎತ್ತಿನ ಗಾಡಿಯ ಚಕ್ರದಷ್ಟು ಅಗಲ, ಒಂದೊಂದು ಬುಡದಿಂದಲೂ ಐದಾರು ನೇರ ಕಾಂಡಗಳು ಒಟ್ಟಿಗೆ ಎದ್ದಿದ್ದವು. ಈ ಜಾಗದ ಹೆಸರೇನು ಎಂದು ಹಾಲಪ್ಪ ಕೇಳಿದ. ಕುಟ್ಟಿಕ್ಕಾವು ಎಂದ ದಾಮೋದರನ್. ಯಾಕೆ ಹಾಗೆ ಎಂದು ಕೇಳಿದ್ದಕ್ಕೆ ಅವನು ಬುಡವೊಂದನ್ನು ಮುಟ್ಟಿ, ಹೊರಗಿನವನಿಗೆ ತಿಳಿಯಲೆಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ:

"ಮುನ್ನೂರು ವರ್ಷದ ಕುಟ್ಟಿಗಳು ಇಲ್ಲಿ ಮಣ್ಣಿನಲ್ಲಿವೆ ಸಾರೇ. ಸತ್ತವು ಅಂದುಕೊಳ್ಳಬೇಡಿ. ಮಳೆ ಬಂದರೆ ಮತ್ತೆ ಬರುತ್ತವೆ. ನಮ್ಮ ಅಜ್ಜ ಒಂದೊಂದನ್ನೂ ಹೀಗೆ ಮುಟ್ಟಿ ಮಾತಾಡಿಸುತ್ತಿದ್ದರು."

ಕುಟ್ಟಿ ಎಂದರೆ ಮಗು, ಅಷ್ಟು ಮಲಯಾಳ ಯಾರಿಗೆ ಬರುವುದಿಲ್ಲ? ಹಾಲಪ್ಪ ಅಲ್ಲಿಯೇ ಬುಡದ ಮೇಲೆ ಕುಳಿತು ಎರಡು ವರ್ಷದಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತ. ರಸ್ತೆಗೆ ಮರ ಹೋಗುತ್ತದಲ್ಲ ಎಂದು ಸರ್ಕಾರದ ಮನುಷ್ಯ ಅಳುತ್ತಿದ್ದಾನೆ ಎಂದುಕೊಂಡು ದಾಮೋದರನ್ ಅವನ ಕೈ ಹಿಡಿದುಕೊಂಡ. ಇಬ್ಬರೂ ಒಂದೇ ಜಾಗದಲ್ಲಿ ಬೇರೆ ಬೇರೆ ಸಾವಿಗೆ ಕಣ್ಣೀರು ಹಾಕಿದರು.

ವರದಿಯಲ್ಲಿ ಹಾಲಪ್ಪ ಬರೆದ: ಇದು ಮಕ್ಕಳ ಕಾವು. ಎಳೆಯ ವಯಸ್ಸಿನಲ್ಲಿ ತೀರಿಹೋದ ಮಕ್ಕಳನ್ನು ಮುನ್ನೂರು ವರ್ಷದಿಂದ ಇಲ್ಲಿ ಮಣ್ಣುಮಾಡಿದ್ದಾರೆ, ಅವರು ಮರವಾಗಿ ಮರಳಿ ಬರುತ್ತಾರೆಂದು ನಂಬಿಕೆ. ಆದ್ದರಿಂದ ಇಲ್ಲಿನ ಯಾವ ಮರಕ್ಕೂ ಎಂದೂ ಕೊಡಲಿ ತಾಗಿಲ್ಲ. ಕೊನೆಯ ಸಾಲನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮಕ್ಕಳ ಮೇಲೆ ಯಾರಾದರೂ ಕೊಡಲಿ ಎತ್ತುತ್ತಾರೆಯೇ ಎಂದು ಅವನೇ ಲೆಕ್ಕ ಹಾಕಿ ಬರೆದುಬಿಟ್ಟ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಪತ್ರಿಕೆಯವರು ಬಂದರು, ಫೋಟೊ ಹಿಡಿದರು. ರಸ್ತೆ ಬೇರೆ ಕಡೆ ತಿರುಗಿತು. ಸರ್ಕಾರ ಅಧಿಸೂಚನೆ ಹೊರಡಿಸಿತು: ಬೇಲಿ, ಬೀಗ, ಮರಗಳಿಗೆಲ್ಲ ತಗಡಿನ ನಂಬರು, ಕಡಿದವರಿಗೆ ಜೈಲು. ಸುತ್ತ ಎದ್ದ ಫ್ಲ್ಯಾಟುಗಳ ಹೊಸ ಜನ ಕಾವಿಗೆ ಬಂದು ಮಕ್ಕಳಾಗಲೆಂದು ಚಿಕ್ಕ ಮರದ ತೊಟ್ಟಿಲು ಕಟ್ಟತೊಡಗಿದರು, ಕಳೆದುಕೊಂಡವರೂ ಕಟ್ಟಿದರು. ಕಾವಲಿನವನು ಯಾವ ನಂಬರಿನ ಮರಕ್ಕೆ ಯಾರ ತೊಟ್ಟಿಲು ಎಂದು ರಿಜಿಸ್ಟರು ಇಟ್ಟ. ಸೀತಮ್ಮ ಮೊದಲ ವರ್ಷವೇ ಮೂವತ್ತೊಂದನೆಯ ಮರಕ್ಕೆ ಕಟ್ಟಿದಳು. ಮಗಳು ತೀರಿದ ದಿನ ಬಂದಾಗಲೆಲ್ಲ ಗಂಡಹೆಂಡಿರು ಬೆಳಗಿನ ರೈಲಿನಲ್ಲಿ ಹೋಗಿ, ಮರದ ಮುಂದೆ ಅರ್ಧ ಗಂಟೆ ಕುಳಿತು, ಸಂಜೆಗೆ ಮರಳುತ್ತಿದ್ದರು. ಆ ಒಂದು ದಿನ ಹಾಲಪ್ಪ ಮಗಳ ಬಗ್ಗೆ ಮಾತಾಡುತ್ತಿದ್ದ.

ಇದೆಲ್ಲ ಸುಳ್ಳಿನ ಮೇಲೆ ನಿಂತಿದೆ ಎಂದು ತಿಳಿದದ್ದು ಹೋದ ವರ್ಷ. ಕಚೇರಿಗೆ ಹೊಸದಾಗಿ ಬಂದ ಸುಬ್ರಾಯ ಕಾಸರಗೋಡಿನವನು, ಕನ್ನಡ ಮಲಯಾಳ ಎರಡನ್ನೂ ಒಂದೇ ಬಾಯಲ್ಲಿ ಮೇಯುವವನು. ಅವನನ್ನು ಹಾಲಪ್ಪ ಅಭಿಮಾನದಿಂದ ತನ್ನ ಕಾವು ತೋರಿಸಲು ಕರೆದುಕೊಂಡು ಹೋದ. ದಾಮೋದರನ ಜೊತೆ ಎರಡು ನಿಮಿಷ ಮಾತಾಡಿದ ಸುಬ್ರಾಯ ಹಿಂದಕ್ಕೆ ಬಂದು ಹಾಲಪ್ಪನ ಮುಖವನ್ನೇ ನೋಡಿದ.

"ಇದು ಮಗು ಅಲ್ಲ ಮಾರಾಯ್ರೆ. ನಮ್ಮ ಊರಲ್ಲಿ ಕುತ್ತಿ ಅಂತ ಹೇಳ್ತೇವೆ. ಮರ ಕಡಿದ ಮೇಲೆ ಉಳಿಯುವ ಬುಡ ಉಂಟಲ್ಲ, ಅದು. ಇದು ಕುತ್ತಿಗಳ ಕಾವು."

ಇಲ್ಲಿ ಬರೆದು ತೋರಿಸೋಣವೆಂದರೆ ನಮ್ಮಲ್ಲಿ ಅಕ್ಷರವಿಲ್ಲ. ಮಲಯಾಳದಲ್ಲಿ ಮಗುವಿನ ಕುಟ್ಟಿಗೆ ನಾಲಗೆ ಮೇಲಕ್ಕೆ ಮಡಚುತ್ತದೆ, ಬುಡದ ಕುಟ್ಟಿಗೆ ಹಲ್ಲಿನ ಒಸಡಿಗೆ ತಾಗುತ್ತದೆ. ಅವರ ಕಿವಿಗೆ ಎರಡೂ ಹಗಲು ರಾತ್ರಿಯಷ್ಟು ಬೇರೆ, ಹರಿಹರದ ಕಿವಿಗೆ ಎರಡೂ ಕುಟ್ಟಿಯೇ. ಹಳಗನ್ನಡದಲ್ಲಿ ಇದಕ್ಕೆ ಶಕಟರೇಫೆ ಅಂತ ಒಂದು ಅಕ್ಷರ ಇತ್ತು, ಘಟ್ಟದ ಮೇಲಿನವರು ನೀವೇ ಕಳೆದುಹಾಕಿದ್ದು ಎಂದು ಸುಬ್ರಾಯ ಚೇಷ್ಟೆ ಮಾಡಲು ನೋಡಿದ. ಹಾಲಪ್ಪ ನಗಲಿಲ್ಲ.

ಅಂದು ದಾಮೋದರನ್ ಹೇಳಿದ್ದನ್ನು ಸುಬ್ರಾಯ ಕನ್ನಡಕ್ಕೆ ತಿರುಗಿಸುತ್ತ ಹೋದ. ಕಾವು ಎಂಟು ಪಾಲು. ವರ್ಷಕ್ಕೊಂದು ಪಾಲಿನಂತೆ, ಮಕರ ಮತ್ತು ಕುಂಭ ಮಾಸದಲ್ಲಿ, ಎಂದರೆ ಸಂಕ್ರಾಂತಿಯಿಂದ ಮಾರ್ಚ್ ನಡುವಿನವರೆಗೆ, ಕಾಂಡಗಳನ್ನೆಲ್ಲ ಹಿಮ್ಮಡಿಯೆತ್ತರಕ್ಕೆ ಕಡಿಯುತ್ತಿದ್ದರು. ಕೋಲುಗಳು ಫೋರ್ಟ್ ಕೊಚ್ಚಿಯ ಚೀನೀ ಮೀನುಬಲೆಗಳಿಗೆ, ದೋಣಿ ಕಟ್ಟುವವರಿಗೆ, ಕಡ್ಡಿಯೆಲ್ಲ ದೇವಸ್ಥಾನದ ಒಲೆಗೆ. ಮಳೆ ಬಿದ್ದೊಡನೆ ಬುಡದಿಂದ ಹೊಸ ಚಿಗುರು ಏಳುತ್ತದೆ, ಎಂಟನೆಯ ವರ್ಷಕ್ಕೆ ಮತ್ತೆ ಅದರ ಸರದಿ. ಕಡಿದದ್ದರಿಂದಲೇ ಆ ಬುಡಗಳು ಮುನ್ನೂರು ವರ್ಷ ಬದುಕಿದ್ದವು. ಕಡಿಯದೆ ಬಿಟ್ಟರೆ ಕಾಂಡಗಳು ದಪ್ಪವಾಗಿ, ಭಾರವಾಗಿ, ಬುಡವನ್ನೇ ಸೀಳಿಕೊಂಡು ಬೀಳುತ್ತವೆ. ಕೂಳೆ ಕಬ್ಬು ನೋಡಿಕೊಂಡೇ ಬೆಳೆದ ಹಾಲಪ್ಪನಿಗೆ ಇದನ್ನು ಇನ್ನೊಬ್ಬರು ಹೇಳಬೇಕಾಗಿ ಬಂತು. ಕೊಯ್ದ ಬುಡದಿಂದ ಮರುವರ್ಷದ ಕಬ್ಬು ಏಳುವುದನ್ನು ನೂರು ಸಲ ಕಂಡವನು ಎದುರಿಗಿದ್ದ ಕೂಳೆಯನ್ನು ಗುರುತಿಸಲಿಲ್ಲ.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಸುಬ್ರಾಯನಿಂದ ದಾಮೋದರನನ್ನು ಕೇಳಿಸಿದ. ಅವನು ಕೈಮುಗಿದ. ಸಾರ್ ಬೇಕೆಂದೇ ಮಾತು ಬದಲಿಸಿ ರಸ್ತೆಯವರಿಗೆ ಟೋಪಿ ಹಾಕಿದರು ಎಂದು ಅವನು ನಂಬಿದ್ದ. ಇಷ್ಟು ಬುದ್ಧಿವಂತರಾದವರು ಕಡಿಯಲು ಅನುಮತಿ ಕೊಡಿಸುವ ದಾರಿಯನ್ನೂ ಇಟ್ಟುಕೊಂಡಿರುತ್ತಾರೆ ಎಂದು ಕೊಡಲಿ ಅಟ್ಟಕ್ಕೇರಿಸಿ, ಫ್ಲ್ಯಾಟೊಂದರ ಕಾವಲಿಗೆ ಸೇರಿ, ಕಾಯುತ್ತಿದ್ದ. ಬೈದಿದ್ದರೆ ಹಾಲಪ್ಪ ತಡೆದುಕೊಳ್ಳುತ್ತಿದ್ದನೇನೋ, ಈ ಗೌರವವನ್ನು ತಡೆಯಲಾಗಲಿಲ್ಲ.

ಹೀಗಿರುವಾಗ ಬಂದದ್ದು ನಾಲ್ಕನೆಯ ಮರದ ಫೋಟೊ. ಇನ್ನು ಸುಮ್ಮನಿರುವುದು ಸರಿಯಲ್ಲವೆಂದು ಹಾಲಪ್ಪ ತಿದ್ದುಪಡಿ ಬರೆದ. ಇಂಥ ಸಂಖ್ಯೆಯ ಅಧಿಸೂಚನೆಯಲ್ಲಿ ಜಾಗದ ಹೆಸರು ತಪ್ಪಾಗಿದೆ, ಹೀಗಿರುವುದನ್ನು ಹೀಗೆ ಓದಿಕೊಳ್ಳತಕ್ಕದ್ದು. ಕಡತ ಇಂಗ್ಲಿಷಿನದು. ಇಂಗ್ಲಿಷಿನಲ್ಲಿ ಮಗುವೂ ಬುಡವೂ ಒಂದೇ ಅಕ್ಷರಗಳಲ್ಲಿ ಮಲಗುತ್ತವೆ. ಹದಿನೈದು ದಿನ ಬಿಟ್ಟು ಕಾಗದ ವಾಪಸು ಬಂತು. ಕುಟ್ಟಿಕ್ಕಾವು ಎಂಬುದನ್ನು ಕುಟ್ಟಿಕ್ಕಾವು ಎಂದು ಓದಿಕೊಳ್ಳಬೇಕೆಂದು ಕೋರಿದ್ದೀರಿ, ಎರಡರಲ್ಲಿ ವ್ಯತ್ಯಾಸ ಕಂಡುಬಂದಿಲ್ಲ, ಕಡತ ಮುಕ್ತಾಯಗೊಳಿಸಲಾಗಿದೆ.

ಸುಬ್ರಾಯ ಆ ಕಾಗದ ಓದಿ ಕುರ್ಚಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವಂಥದೇ ಹೌದು. ಹಾಲಪ್ಪ ಮಾತ್ರ ಆ ಕಾಗದವನ್ನು ನಾಲ್ಕು ಸಲ ಓದಿ, ಬಾವಿಗೆ ಬಿದ್ದವನು ಕೂಗಿದ್ದು ಮೇಲಿನವರಿಗೆ ಹಾಡಿನಂತೆ ಕೇಳಿಸಿತಲ್ಲ ಎಂದುಕೊಂಡ.

ಮತ್ತೆ ಬಿಡಿಸಿ ಬರೆದ: ಇದು ಕಡಿಯುವ ಕಾಡು, ಕಡಿಯದಿದ್ದರೆ ಉಳಿಯುವುದಿಲ್ಲ. ಈ ಸಲ ಮೇಲಿನ ಅಧಿಕಾರಿ ಅಪರ್ಣಾ ಅವನನ್ನು ಕರೆಸಿದಳು. ನಲವತ್ತರ ಹೆಂಗಸು, ಕಡತವನ್ನು ಪೂರ್ತಿ ಓದುವ ಅಪರೂಪದ ಅಭ್ಯಾಸದವಳು. ಕೊಡಲಿ ತಾಗಿಲ್ಲವೆಂದು ಬರೆದವರೂ ನೀವೇ, ಕೊಡಲಿ ತಾಗಬೇಕೆಂದು ಬರೆದವರೂ ನೀವೇ, ಯಾವುದು ಸುಳ್ಳು ಎಂದು ಕೇಳಿದಳು. ಮೊದಲನೆಯದು ಎಂದ ಹಾಲಪ್ಪ. ಅವಳು ಬೈಯಲಿಲ್ಲ. ಮೊದಲನೆಯದು ಸುಳ್ಳೆಂದು ತಾನು ಸಹಿ ಹಾಕಿದ ದಿನವೇ ಅಧಿಸೂಚನೆ ಬೀಳುತ್ತದೆ, ರಸ್ತೆಯ ಹಳೆಯ ನಕ್ಷೆ ಇನ್ನೂ ರದ್ದಾಗಿಲ್ಲ, ಕಡಿದು ಬೆಳೆಸಿದ ಕಟ್ಟಿಗೆ ತೋಪಿಗೆ ಯಾರು ರಸ್ತೆ ತಿರುಗಿಸುತ್ತಾರೆ ಎಂದಳು. ನಿಜ ಹೇಳಿದರೆ ಕಾಡು ಒಂದೇ ದಿನದಲ್ಲಿ ಹೋಗುತ್ತದೆ, ಹೇಳದಿದ್ದರೆ ಒಂದೊಂದೇ ಮರವಾಗಿ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎಂಬ ಮಾತನ್ನು ಹಾಲಪ್ಪ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದ. ಹುಲಿಯನ್ನೂ ಹಳ್ಳವನ್ನೂ ತಾನೇ ತಂದು ಆಚೀಚೆ ಇಟ್ಟುಕೊಂಡವನ ಬಗ್ಗೆ ಗಾದೆಯಲ್ಲಿ ಏನೂ ಇರಲಿಲ್ಲ.

ಅಪರ್ಣಾ ಕಡತದ ಕೊನೆಯ ಪುಟ ತೆಗೆದು ಒಂದು ಸಾಲನ್ನು ತೋರಿಸಿದಳು. ಭಕ್ತರು ತಮ್ಮ ಆಚಾರ ನಡೆಸಲು ಅಡ್ಡಿಯಿಲ್ಲ ಎಂದಿತ್ತು. ಒಂದು ಮರಕ್ಕೆ ತೊಟ್ಟಿಲು ಕಟ್ಟಿದವರೇ, ನಮ್ಮ ಹರಕೆಯ ಮರವನ್ನು ಈ ಜಾಗದ ಹಳೆಯ ಆಚಾರದಂತೆ ಕಡಿಸುತ್ತೇವೆ ಎಂದು ಬರೆದುಕೊಟ್ಟರೆ, ಆ ಮರದ ಮಟ್ಟಿಗೆ ತಾನು ಅನುಮತಿ ಕೊಡಬಲ್ಲೆ, ಹೆಸರನ್ನೂ ಅಧಿಸೂಚನೆಯನ್ನೂ ಯಾರೂ ಮುಟ್ಟಬೇಕಿಲ್ಲ ಎಂದಳು. ಎಷ್ಟು ಜನ ಕಟ್ಟಿದ್ದಾರೆ ಎಂದು ಕೇಳಿದಳು. ನಲವತ್ತೆರಡು ಎಂದ ಹಾಲಪ್ಪ. ಅದರಲ್ಲಿ ಒಂದು ತನ್ನ ಹೆಂಡತಿಯದೆಂದು ಹೇಳಲಿಲ್ಲ.

ಅಲ್ಲಿಂದ ಐದು ತಿಂಗಳು ಅವನು ಮನೆಯಲ್ಲಿ ಬಾಯಿ ಬಿಡಲಿಲ್ಲ. ಸೀತಮ್ಮ ಅಡಿಗೆಮನೆಯಲ್ಲಿದ್ದರೆ ನಡುಮನೆಗೆ ಬರುವನು, ಅವಳು ನಡುಮನೆಗೆ ಬಂದರೆ ಬಾಲ್ಕನಿಗೆ ಹೋಗುವನು. ನಾಲ್ಕು ಹೆಜ್ಜೆಯ ಕ್ವಾರ್ಟರ್ಸಿನಲ್ಲಿ ಮನುಷ್ಯ ಎಷ್ಟು ತಪ್ಪಿಸಿಕೊಂಡಾನು? ಅವಳಿಗೆ ಉಳಿದಿರುವುದು ಆ ಮರ ಒಂದೇ, ಅದರ ಕೆಳಗೆ ಮಕ್ಕಳಿಲ್ಲ, ಬರೀ ಕಡಿದ ಬುಡ ಎಂದು ಹೇಳುವುದೆಂದರೆ ಮಗಳನ್ನು ಎರಡನೆಯ ಸಲ ಮಣ್ಣುಮಾಡಿದಂತೆ ಎನ್ನಿಸುತ್ತಿತ್ತು. ನವೆಂಬರಿನಲ್ಲಿ ಐದನೆಯ ಮರ ಬಿತ್ತು. ಡಿಸೆಂಬರಿನಲ್ಲಿ ದಾಮೋದರನ್ ಫೋನು ಮಾಡಿ, ಹದಿನೇಳನೆಯ ಮರ ಬುಡದಲ್ಲಿ ಗೇಣುದ್ದ ಬಿರಿದಿದೆ, ಈ ಮಕರ ತಪ್ಪಿದರೆ ಮುಂದಿನ ಮಳೆಗಾಲ ದಾಟುವುದಿಲ್ಲ, ಸಾರ್ ಏನು ಯೋಚಿಸಿದ್ದಾರೆ ಎಂದು ಕೇಳಿದ. ಸಾರ್ ಏನೂ ಯೋಚಿಸಿರಲಿಲ್ಲ.

ಮಾರನೆಯ ಬೆಳಗ್ಗೆ ಸೀತಮ್ಮ ತಿಂಡಿಗೆ ಪುಟ್ಟು ಮಾಡುತ್ತಿದ್ದಳು. ಹಾಲಪ್ಪ ಅಡಿಗೆಮನೆಯ ಬಾಗಿಲಿಗೆ ಬಂದು, ಗೋಡೆ ನೋಡುತ್ತ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಕುಟ್ಟಿ ಎಂದರೆ ಅಲ್ಲಿ ಮಗುವಲ್ಲ, ತನ್ನ ಕಿವಿಯ ತಪ್ಪು, ಅಲ್ಲಿ ಯಾವ ಮಗುವನ್ನೂ ಯಾರೂ ಮಣ್ಣುಮಾಡಿಲ್ಲ. ಸೀತಮ್ಮ ಒಲೆಯ ಉರಿ ಸಣ್ಣ ಮಾಡಿ, ಪುಟ್ಟು ಬೇಯಿಸುವ ಉದ್ದನೆಯ ಕೊಳವೆಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಕೆಳಗಿಟ್ಟಳು.

"ಇದಕ್ಕೇನಂತಾರೆ ಗೊತ್ತೇನ್ರಿ? ಪುಟ್ಟು ಕುಟ್ಟಿ. ಸಿಲಿಂಡರಿಗೆ ಗ್ಯಾಸ್ ಕುಟ್ಟಿ. ಎರಡೂ ಆ ಬುಡದ ಕುಟ್ಟೀನೇ. ನಂಗೆ ಮೊದಲ್ನೇ ವರ್ಷಾನೇ ಗೊತ್ತಾಗಿತ್ತು."

ಅವಳು ಹೇಳಿದ್ದು ಇಷ್ಟು. ಬಂದ ಹೊಸದರಲ್ಲಿ ಸಿಲಿಂಡರು ತರುವ ಇಸ್ಮಾಯಿಲ್‌ಗೆ ಅವಳು ಗ್ಯಾಸ್ ಕುಟ್ಟಿ ಬೇಕು ಎಂದಿದ್ದಳು, ಹರಿಹರದ ಗಟ್ಟಿ ನಾಲಗೆಯಲ್ಲಿ. ಚೇಚಿ, ಮಗು ನಮ್ಮ ಏಜೆನ್ಸಿಯಲ್ಲಿ ಸಿಗುವುದಿಲ್ಲ ಎಂದು ಅವನು ನಕ್ಕಿದ್ದ. ಪಾಪ, ಅವನಿಗೇನು ಗೊತ್ತು? ಅವಳು ಬಾಗಿಲು ಹಾಕಿಕೊಂಡು ಅತ್ತಿದ್ದಳು. ಪಕ್ಕದ ಮನೆಯ ಪ್ರೇಮ ಬಂದು, ವಿಷಯ ತಿಳಿದು, ಎದುರಿಗೆ ಕೂರಿಸಿಕೊಂಡು ನಾಲಗೆ ಎಲ್ಲಿಗೆ ತಾಗಿಸಬೇಕೆಂದು ಕಲಿಸಿದ್ದಳು. ಅದಾದ ಮೇಲೆ ಕಾವಿಗೆ ಹೋದಾಗ ದಾಮೋದರನ್ ಆ ಹೆಸರು ಹೇಳಿದ್ದು ಅವಳ ಕಿವಿಗೆ ಸರಿಯಾಗಿಯೇ ಬಿದ್ದಿತ್ತು.

ಹಾಲಪ್ಪನಿಗೆ ಸಿಟ್ಟು ಬಂತು. ಹಗುರಾಗಬೇಕಾಗಿದ್ದ ಹೊತ್ತಿನಲ್ಲಿ ಬಂದ ಸಿಟ್ಟು, ಅದಕ್ಕೇ ಇನ್ನಷ್ಟು ಕೆಟ್ಟದ್ದು. ಒಂಬತ್ತು ವರ್ಷ ಗೊತ್ತಿದ್ದೂ ತನ್ನನ್ನು ಮಂಗ ಮಾಡಿದೆಯಲ್ಲ, ಅಲ್ಲಿ ಕಾಡು ಸಾಯುತ್ತಿದೆ ಎಂದು ಕೂಗಾಡಿದ.

"ಕಾಡು ಸಾಯ್ತತಿ ಅಂತ ನಂಗೆ ಯಾರು ಹೇಳಿದ್ರು? ನೀವು ಹೇಳಿದ್ರಾ?" ಎಂದಳು ಸೀತಮ್ಮ. "ಅವತ್ತು ಅಲ್ಲಿಂದ ಬಂದು ನೀವು ಕೃಪಾ ಅಂದ್ರಿ. ನಿಮ್ಮ ಬಾಯಾಗೆ ಆ ಹೆಸರು ಬಂದು ಎರಡು ವರ್ಷ ಆಗಿತ್ತು. ಅದು ಬರೀ ಬುಡ ಐತಿ ಅಂದಿದ್ರೆ ನೀವು ಮತ್ತೆ ಬಾಯಿ ಹೊಲಕಂತಿದ್ರಿ. ಮೊದಲು ನಿಮ್ಮ ಸಲುವಾಗಿ ಹೋದೆ ರೀ. ಆಮ್ಯಾಲೆ ನನ್ನ ಸಲುವಾಗೇ ಹೋದೆ. ಬುಡ ಅಂತ ಗೊತ್ತಿದ್ರೂ ಹೋದೆ."

ಪುಟ್ಟು ತಣ್ಣಗಾಯಿತು. ಒಬ್ಬರನ್ನೊಬ್ಬರು ಕಾಯುತ್ತೇವೆಂದು ಇಬ್ಬರೂ ಒಂದೇ ಬೀಗ ಹಾಕಿಕೊಂಡು ಒಳಗೆ ಕುಳಿತಿದ್ದೆವಲ್ಲ ಎಂದು ಹಾಲಪ್ಪನಿಗೆ ಹೊಳೆಯಿತು. ಸೀತಮ್ಮ ಕೈ ಒರೆಸಿಕೊಂಡು, ಅರ್ಜಿ ಎಲ್ಲಿದೆ ತನ್ನಿ ಎಂದಳು. ಮೂವತ್ತೊಂದನೆಯ ಮರಕ್ಕೆ ಸಹಿ ಹಾಕಿದಳು, ಹಾಕಿದ ಮೇಲೆ ಅತ್ತಳು.

ಮಕರ ಮಾಸದ ಎರಡನೆಯ ವಾರ ದಾಮೋದರನ್ ಅಟ್ಟದಿಂದ ಕೊಡಲಿ ಇಳಿಸಿದ. ಎಪ್ಪತ್ತರ ಹತ್ತಿರದ ಕೈ, ಆದರೂ ಏಟು ಬಿದ್ದ ಜಾಗ ಕದಲಲಿಲ್ಲ. ಮಳೆನೀರು ನಿಲ್ಲದಂತೆ ಓರೆಯಾಗಿ, ಹಿಮ್ಮಡಿಯೆತ್ತರಕ್ಕೆ ಆರು ಕಾಂಡಗಳನ್ನೂ ಕಡಿದ. ಸೀತಮ್ಮ ತೊಟ್ಟಿಲನ್ನು ಸೆರಗಿನಲ್ಲಿ ಸುತ್ತಿಕೊಂಡು ಪೂರ್ತಿ ನಿಂತು ನೋಡಿದಳು. ಕಾಡಿನ ನಡುವೆ ಒಂದು ತುಂಡು ಆಕಾಶ ತೆರೆಯಿತು. ಚಿಗುರುತ್ತದೆಯೇ ಎಂದು ಅವಳು ಕೇಳಿದ್ದಕ್ಕೆ, ಎಂಟಾಗಬೇಕಾದ್ದು ಹದಿನಾಲ್ಕು ವರ್ಷವಾಗಿದೆ, ಬುಡಕ್ಕೆ ನೆನಪಿದ್ದರೆ ಚಿಗುರುತ್ತದೆ, ಮಳೆ ಬಂದ ಮೇಲೆ ಗೊತ್ತಾಗುತ್ತದೆ ಎಂದ ದಾಮೋದರನ್. ಕುಂಭ ಮುಗಿಯುವುದರೊಳಗೆ ಉಳಿದವರ ಸಹಿ ತರಿಸಿ ಎಂದು ಹಾಲಪ್ಪನಿಗೆ ಹೇಳಿದ. ಮೀನ ಮಾಸದ ಬಿಸಿಲು ಬಂದರೆ ಕೊಡಲಿ ಹಾಕುವಂತಿಲ್ಲ, ಹಸಿ ಬುಡ ಒಣಗಿ ಸಾಯುತ್ತದೆ. ಎಲ್ಲಕ್ಕಿಂತ ಮೊದಲು ಹದಿನೇಳನೆಯದು.

ಹೀಗೆ ಹಾಲಪ್ಪನ ಕೈಗೆ ನಲವತ್ತೊಂದು ವಿಳಾಸಗಳ ಪಟ್ಟಿ ಬಂತು. ಕುಂಭ ಹಿಡಿದ ಮೊದಲ ಭಾನುವಾರ ಗಂಡಹೆಂಡಿರು ಹದಿನೇಳನೆಯ ಮರದ ವಿಳಾಸ ಹುಡುಕಿಕೊಂಡು ಕಾಕ್ಕನಾಡಿನ ಒಂದು ಫ್ಲ್ಯಾಟಿನ ಒಂಬತ್ತನೆಯ ಮಹಡಿಗೆ ಹೋದರು. ಬಾಗಿಲು ತೆರೆದ ಹುಡುಗಿ ತನುಶ್ರೀ, ಹಾಸನದವಳು, ಐಟಿ ಪಾರ್ಕಿನಲ್ಲಿ ಕೆಲಸ. ಕನ್ನಡದವರು ಬಂದಿದ್ದಾರೆಂದು ಹಿಗ್ಗಿ, ಬೇಡವೆಂದರೂ ಕಾಫಿ ಮಾಡಲು ಹೋದಳು. ಎರಡು ಸಲ ಗರ್ಭ ನಿಲ್ಲದೆ ಹೋಗಿ, ಮೂರನೆಯದಕ್ಕೆ ಮೊದಲು ಕಾವಿಗೆ ಹೋಗಿ ತೊಟ್ಟಿಲು ಕಟ್ಟಿದ್ದಾಗಿ ಅವಳೇ ಹೇಳಿದಳು. ಈಗ ಏಳು ತಿಂಗಳು ತುಂಬಿತ್ತು. ಆ ವರದಿ ಬರೆದದ್ದು ಇವರೇ ಎಂದು ತಿಳಿದಾಗ, ಗಂಡ ಆಶಿಶ್‌ನನ್ನು ಒಳಗಿನಿಂದ ಕರೆದು ಹಾಲಪ್ಪನ ಕಾಲಿಗೆ ನಮಸ್ಕಾರ ಮಾಡಿಸಿದಳು. ತಾನು ಬಗ್ಗಲಾಗುವುದಿಲ್ಲವಲ್ಲ ಎಂದು ನಕ್ಕಳು.

ಹಾಲಪ್ಪ ಸೀತಮ್ಮನ ಕಡೆ ನೋಡಿದ. ನೀವೇ ಹೇಳಬೇಕು ಎನ್ನುವಂತೆ ಅವಳು ತಲೆ ಆಡಿಸಿದಳು. ಒಂದೇ ಸಾಲಿನಲ್ಲಿ ಊರಿಗೆಲ್ಲ ಹಂಚಿದ ಮಕ್ಕಳನ್ನು ಈಗ ಮನೆಮನೆಗೆ ಹೋಗಿ ಒಂದೊಂದಾಗಿ ಹಿಂದಕ್ಕೆ ಕೇಳಬೇಕಿತ್ತು.

"ನಮಗೊಬ್ಬಳು ಮಗಳಿದ್ದಳು ತಾಯಿ," ಎಂದ. "ಕೃಪಾ ಅಂತ."

ಅಲ್ಲಿಂದ ಶುರು ಮಾಡಿ ಅವನು ಎಲ್ಲವನ್ನೂ ಹೇಳಿದ. ಮಗಳ ಜ್ವರ, ತನ್ನ ಕಿವಿ, ದಾಮೋದರನ ಕೊಡಲಿ, ಸೀಳುತ್ತಿರುವ ಬುಡಗಳು. ಏನನ್ನೂ ಮುಚ್ಚಿಡಲಿಲ್ಲ. ತನುಶ್ರೀ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಕಾಫಿಯ ಲೋಟಗಳು ತುಂಬಿದಂತೆಯೇ ಉಳಿದವು. ಕೇಳಿದ ಮೇಲೆ ಅವಳು ಸಿಟ್ಟಾಗಲಿಲ್ಲ, ಅಳಲೂ ಇಲ್ಲ. ಅರ್ಜಿಯನ್ನು ತೆಗೆದುಕೊಂಡು ಎರಡು ಸಲ ಓದಿದಳು.

"ಇದೆಲ್ಲ ನಂಬೋಳಲ್ಲ ಅಂಕಲ್ ನಾನು. ಬುಡ ಅಂದ್ರೆ ಬುಡವೇ ಸರಿ," ಎಂದಳು. "ಆದ್ರೆ ಏಪ್ರಿಲ್ ಹದಿನೆಂಟಕ್ಕೆ ಡೇಟ್ ಕೊಟ್ಟಿದಾರೆ. ಅಲ್ಲಿವರೆಗೂ ಬೇಡ. ಪಾಪು ಬಂದ ಮಾರನೇ ದಿನವೇ ಕಡೀಲಿ, ನಾನೇ ಬರ್ಕೊಡ್ತೀನಿ. ಅಷ್ಟು ದಿನ ಕಾಯಕ್ಕಾಗಲ್ವಾ?"

ಕಾಯಲಾಗುವುದಿಲ್ಲ. ಕುಂಭ ಮುಗಿಯಲು ಒಂದು ತಿಂಗಳೂ ಇರಲಿಲ್ಲ. ಅದು ತಪ್ಪಿದರೆ ಬರುವ ಮಕರ, ನಡುವೆ ಇಡೀ ಒಂದು ಮಳೆಗಾಲ, ಬುಡದಲ್ಲಿ ಗೇಣುದ್ದದ ಬಿರುಕು. ಇದನ್ನು ಹೇಳಲೆಂದೇ ಹಾಲಪ್ಪ ಬಾಯಿ ತೆರೆದ. ದಾವಣಗೆರೆಯ ಆಸ್ಪತ್ರೆಯಲ್ಲಿ ಡಾಕ್ಟರು ಇನ್ನು ಉಪಯೋಗವಿಲ್ಲ ಎಂದಾಗ ಅವನೂ ಹೀಗೆಯೇ, ಇದೇ ದನಿಯಲ್ಲಿ, ಇನ್ನೊಂದು ದಿನ ನೋಡೋಣ ಸರ್ ಎಂದು ಕೇಳಿದ್ದ. ಆ ಡಾಕ್ಟರು ಆಗಲಿ ಎಂದಿದ್ದರು. ಅವರಿಗೆ ಗೊತ್ತಿಲ್ಲದೆ ಏನಲ್ಲ.

"ಆಗಲಿ ತಾಯಿ," ಎಂದ ಹಾಲಪ್ಪ.

ಲಿಫ್ಟಿನಲ್ಲಿ ಇಳಿಯುವಾಗ ಅವನು ಪಟ್ಟಿ ಬಿಡಿಸಿ, ಹದಿನೇಳರ ಮುಂದೆ ಬರುವ ಮಕರ ಎಂದು ಬರೆದುಕೊಂಡ. ನಡುವೆ ಮಳೆಗಾಲ ಇದೆಯಲ್ಲ ಎಂದಳು ಸೀತಮ್ಮ. ಇದೆ ಎಂದು ಹೇಳಿ ಅವನು ಮುಂದಿನ ಮನೆಯ ವಿಳಾಸ ನೋಡಿದ.